ಗಿಟಾರಿನ ತಂತಿ, ಗಗನದ ಧೂಳು

ರಾಕ್ ಸಂಗೀತವೆಂದೊಡನೆ ನಮ್ಮ ಹಿರಿಯ ವಾಚಕರಲ್ಲಿ ಹಲವರು ಪುಟ ತಿರುವಿಬಿಡುವ ಸಂಭವವುಂಟು. ಅಬ್ಬರ, ಕೂಗಾಟ, ಕಣ್ಣು ಕುಕ್ಕುವ ಬಣ್ಣದ ದೀಪಗಳು, ಹೆಗಲ ಮೇಲೆ ಹರಡಿದ ಕೂದಲು, ಇಷ್ಟೇ ಅದರ ಸ್ವರೂಪವೆಂದು ನಂಬಿದವರನ್ನು ನಾವು ದೂರುವುದಿಲ್ಲ. ಅದರಲ್ಲಿ ಬಹುಪಾಲು ಹಾಗೆಯೇ ಇದೆ. ಆದರೂ ಈ ತಿಂಗಳು ನಾವು ಹೇಳಹೊರಟಿರುವುದು ಅಂಥದೇ ಒಬ್ಬ ವಾದಕನ ವೃತ್ತಾಂತ. ಆ ಸಂಗೀತ ಹಿಡಿಸದವರಿಗೂ ಈ ಕಥೆಯಲ್ಲಿ ತಮ್ಮ ಮನೆಯದೇ ಒಂದು ಮಾತು ಕೇಳಿಸೀತು. ಓದಿನಲ್ಲಿ ಮುಂದಿದ್ದ ಮಗ ಪ್ರಬಂಧವೊಂದನ್ನು ಬರೆದು ಮುಗಿಸಿದರೆ ಡಾಕ್ಟರ್ ಆಗುವಷ್ಟರ ಮಟ್ಟಿಗೆ ಬಂದು, ಆ ಕಾಗದದ ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಹಾಡಿನ ಹಿಂದೆ ಹೊರಟುಹೋದರೆ ತಂದೆಯ ಮನಸ್ಸಿಗೆ ಏನಾದೀತು? ಅದೂ, ಮಗನ ಕೈಗೆ ಆ ವಾದ್ಯವನ್ನು ಕೊಟ್ಟವನು ಸ್ವತಃ ತಂದೆಯೇ ಆಗಿದ್ದರೆ?

ಈತನ ಹೆಸರು ಬ್ರಯಾನ್ ಮೇ. ‘ಕ್ವೀನ್’ ಎಂಬ ಇಂಗ್ಲಿಷ್ ವೃಂದದ ಗಿಟಾರ್ ವಾದಕನೆಂದು ಲೋಕಕ್ಕೆ ಪರಿಚಿತ. ಹುಟ್ಟಿದ್ದು 1947ರ ಜುಲೈ 19ರಂದು, ಲಂಡನ್ನಿನ ನೈಋತ್ಯದ ಅಂಚಿನ ಹ್ಯಾಂಪ್ಟನ್ನಿನಲ್ಲಿ. ತಂದೆ ಹೆರಾಲ್ಡ್ ಮೇ ಸರ್ಕಾರದ ವಿಮಾನಯಾನ ಖಾತೆಯಲ್ಲಿ ನಕ್ಷೆಗಾರ. ವಿದ್ಯುತ್ ಉಪಕರಣಗಳಲ್ಲಿ ಪಳಗಿದ ಕೈ. ತಾಯಿ ರೂತ್. ಇವರಿಗೆ ಬ್ರಯಾನ್ ಒಬ್ಬನೇ ಮಗ. ಯುದ್ಧ ಮುಗಿದು ಎರಡು ವರ್ಷವಾಗಿದ್ದ ಕಾಲ. ಆ ಬಗೆಯ ಮನೆಗಳಲ್ಲಿ ಹಣ ಎಣಿಸಿ ಎಣಿಸಿ ಖರ್ಚಾಗುತ್ತಿತ್ತು. ಕೊಳ್ಳಲಾಗದ್ದನ್ನು ಹೆರಾಲ್ಡ್ ತಾನೇ ಮಾಡಿಬಿಡುತ್ತಿದ್ದ. ಮನೆಯ ಟೆಲಿವಿಷನ್ ಪೆಟ್ಟಿಗೆ ಸಹ ಆತನ ಕೈಯದೇ. ತಂದೆಮಕ್ಕಳು ಕೂಡಿ ನಾಲ್ಕು ಅಂಗುಲದ ಕನ್ನಡಿಯುಳ್ಳ ಒಂದು ದೂರದರ್ಶಕವನ್ನೂ ಮಾಡಿಕೊಂಡರು. ಹುಡುಗನ ಬಾಳನ್ನು ಎರಡು ದಿಕ್ಕಿಗೆ ಎಳೆಯಲಿದ್ದ ಗಗನ ಮತ್ತು ಗಿಟಾರು, ಎರಡೂ ಹೀಗೆ ಒಂದೇ ಮನೆಯ ಒಂದೇ ಮೇಜಿನ ಮೇಲೆ ಹುಟ್ಟಿದವು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಸಂಗೀತದ ಮೊದಲ ಪಾಠವೂ ತಂದೆಯದೇ. ಯುಕುಲೆಲೆ-ಬ್ಯಾಂಜೋ ಎಂಬ ಪುಟ್ಟ ನಾಲ್ಕು ತಂತಿಯ ವಾದ್ಯದ ಮೇಲೆ ಮಗನಿಗೆ ನಾಲ್ಕಾರು ಸ್ವರಮೇಳಗಳನ್ನು ಕಲಿಸಿದ. ಏಳನೆಯ ಹುಟ್ಟುಹಬ್ಬಕ್ಕೆ ಸಾಧಾರಣ ಮರದ ಗಿಟಾರೊಂದು ಬಂತು. ಮುಂದೆ ವಿದ್ಯುತ್ ಗಿಟಾರಿನ ಯುಗ ಬಂದಾಗ ಹುಡುಗನ ಕಣ್ಣು ಅಮೆರಿಕದ ಫೆಂಡರ್ ಕಂಪನಿಯ ವಾದ್ಯಗಳ ಮೇಲೆ ಬಿತ್ತು. ಅವುಗಳ ಬೆಲೆ ಆ ಮನೆಗೆ ನಿಲುಕುವಂಥದಲ್ಲ. ಹಾಗಾದರೆ ನಾವೇ ಮಾಡೋಣ ಎಂದು ತಂದೆಮಕ್ಕಳು ನಿಶ್ಚಯಿಸಿದರು. 1963ರ ಆಗಸ್ಟಿನಲ್ಲಿ ಕೆಲಸ ಆರಂಭವಾಯಿತು. ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು.

ಆ ವಾದ್ಯದ ಅಂಗಾಂಗಗಳು ಎಲ್ಲಿಂದ ಬಂದವೆಂದು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ಪರಿಚಯದವರೊಬ್ಬರು ಎಸೆಯಲಿದ್ದ ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟಿನಿಂದ ಗಿಟಾರಿನ ಕುತ್ತಿಗೆ ಕೊರೆಯಲ್ಪಟ್ಟಿತು. ನೂರು ವರ್ಷದ ಆ ಮರದಲ್ಲಿ ಹುಳು ಕೊರೆದ ತೂತುಗಳಿದ್ದವು. ಅವನ್ನು ಬೆಂಕಿಕಡ್ಡಿಗಳಿಂದ ತುಂಬಿದರು. ಒಡಲಿನ ನಡುಭಾಗಕ್ಕೆ ಹಳೆಯ ಓಕ್ ಮೇಜಿನ ತುಂಡು, ಅದರ ಸುತ್ತ ಅಗ್ಗದ ಹಲಗೆ, ಮೇಲೆ ಮಹಾಗನಿಯ ತೆಳು ಹೊದಿಕೆ. ತಂತಿಗಳನ್ನು ಸಡಿಲಿಸಿ ಬಿಗಿಗೊಳಿಸಿ ಸ್ವರವನ್ನು ತೊನೆಯಿಸುವ ಸನ್ನೆಗೋಲೊಂದು ಇಂಥ ಗಿಟಾರುಗಳಲ್ಲಿರುತ್ತದೆ. ಅದರ ತಳಕ್ಕೆ ಚಾಕುವಿನ ಅಲಗಿನಂಥ ಉಕ್ಕಿನ ಅಂಚು. ಎದುರೆಳೆತಕ್ಕೆ 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎರಡು ಕವಾಟದ ಸ್ಪ್ರಿಂಗುಗಳು. ಕೈಹಿಡಿಯಾಗಿ ಸೈಕಲ್ಲಿನ ಚೀಲವನ್ನು ಹೊರುವ ಕಂಬಿ. ಅದರ ತುದಿಗೆ ತಾಯಿಯ ಹೆಣಿಗೆ ಕಡ್ಡಿಯ ಒಂದು ಚೂರು. ಬೆರಳಿಡುವ ಸ್ಥಾನಗಳನ್ನು ಗುರುತಿಸಲು ಹಚ್ಚಿದ ಬಿಳಿಯ ಬೊಟ್ಟುಗಳೂ ತಾಯಿಯವೇ. ಆಕೆಯ ಹೊಲಿಗೆಯ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು ಅವು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಗಳನ್ನು ಹುಡುಗ ಮೊದಲು ತಾನೇ ಸುತ್ತಿದ. ಅವು ಸಮಾಧಾನ ತರಲಿಲ್ಲವಾಗಿ ಅಂಗಡಿಯಿಂದ ಮೂರನ್ನು ತಂದ. ಒಟ್ಟು ಖರ್ಚು ಎಂಟು ಪೌಂಡಿನ ಆಸುಪಾಸು.

ಮನೆಯಲ್ಲಿ ಮಾಡಿದ್ದು ಎಂದರೆ ಒರಟು ಸರಕು ಎಂದು ಭಾವಿಸುವವರುಂಟು. ಇದು ಹಾಗಲ್ಲ. ಮೂರು ಸುರುಳಿಗಳಲ್ಲಿ ಪ್ರತಿಯೊಂದಕ್ಕೂ ಅದನ್ನು ಆರಿಸಿ ಹೊತ್ತಿಸಲು ಒಂದು ಗುಂಡಿ. ಅದರ ಅಲೆಯನ್ನು ಉಳಿದೆರಡರ ಅಲೆಗೆ ಎದುರಾಗಿ ತಿರುಗಿಸಲು ಇನ್ನೊಂದು ಗುಂಡಿ. ಇದರಿಂದ ಒಂದೇ ವಾದ್ಯದಲ್ಲಿ ಪಿಟೀಲಿನ ಮಾರ್ದವವೂ ಕಹಳೆಯ ಮೊನಚೂ ಹೊರಡುತ್ತಿದ್ದವು. ಒಡಲೊಳಗೆ ಅಲ್ಲಲ್ಲಿ ಟೊಳ್ಳು ಬಿಟ್ಟದ್ದರಿಂದ ಧ್ವನಿವರ್ಧಕದ ಸದ್ದಿಗೆ ವಾದ್ಯ ಮರುದನಿಗೊಟ್ಟು ಸ್ವರ ದೀರ್ಘವಾಗಿ ನಿಲ್ಲುತ್ತಿತ್ತು. ಇವೆಲ್ಲ ಭೌತಶಾಸ್ತ್ರ ಬಲ್ಲವರು ಲೆಕ್ಕಹಾಕಿ ಮಾಡಿದ ಕೆಲಸಗಳು. ಮೀಟಲು ಪ್ಲಾಸ್ಟಿಕ್ಕಿನ ಬಿಲ್ಲೆಯ ಬದಲು ಈತ ಆರು ಪೆನ್ನಿಯ ಹಳೆಯ ನಾಣ್ಯವನ್ನು ಹಿಡಿದ. ನಾಣ್ಯದ ಗರಗಸದಂಥ ಅಂಚು ತಂತಿಯನ್ನು ಸೋಕುವಾಗ ಸ್ವರಕ್ಕೆ ಒಂದು ವ್ಯಂಜನಾಕ್ಷರ ಸೇರಿದಂತೆ ಕೇಳಿಸುತ್ತದೆ. ಆ ಕೆಂಪು ಗಿಟಾರೇ ಮುಂದೆ ಐದು ದಶಕಗಳಿಗೂ ಮೀರಿ ಜಗತ್ತಿನ ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ನುಡಿಯಿತು.

ಶಾಲೆಯಲ್ಲಿ ಗಣಿತ, ಭೌತಶಾಸ್ತ್ರಗಳಲ್ಲಿ ಚುರುಕಾಗಿದ್ದ ಬ್ರಯಾನ್ ಲಂಡನ್ನಿನ ಇಂಪೀರಿಯಲ್ ಕಾಲೇಜನ್ನು ಸೇರಿ, 1968ರಲ್ಲಿ ಭೌತಶಾಸ್ತ್ರದ ಪದವಿ ಪಡೆದ. 1970ರಲ್ಲಿ ಅಲ್ಲಿಯೇ ಸಂಶೋಧನೆಗೆ ಕುಳಿತ. ವಿಷಯ ‘ರಾಶಿಪ್ರಭೆ’ ಎಂದು ನಾವು ಕರೆಯಬಹುದಾದ ಒಂದು ಮಂದ ಬೆಳಕು. ಸೂರ್ಯನ ಸುತ್ತ ಗ್ರಹಗಳು ಸುತ್ತುವ ಸಮತಲದಲ್ಲಿ ಅತಿ ಸೂಕ್ಷ್ಮವಾದ ಧೂಳು ಹರಡಿಕೊಂಡಿದೆ. ಧೂಮಕೇತುಗಳೂ ಕ್ಷುದ್ರಗ್ರಹಗಳೂ ಉದುರಿಸಿದ ಧೂಳು ಅದು. ಅದರ ಮೇಲೆ ಬಿದ್ದ ಬಿಸಿಲು ಚದುರಿ, ಸಂಜೆ ಕತ್ತಲಾದ ಮೇಲೆ ಅಥವಾ ಬೆಳಗಿನ ಜಾವಕ್ಕೆ ಮುಂಚೆ, ದಿಗಂತದಿಂದ ಮೇಲಕ್ಕೆ ಚಾಚಿದ ಗೋಪುರದಂತೆ ಕಾಣುತ್ತದೆ. ಈ ಧೂಳು ನಿಂತಿದೆಯೋ, ಸುತ್ತುತ್ತಿದೆಯೋ, ಸುತ್ತುತ್ತಿದ್ದರೆ ಯಾವ ಕಡೆಗೆ, ಎಷ್ಟು ವೇಗದಲ್ಲಿ? ಇದು ಈತ ಕೈಗೆತ್ತಿಕೊಂಡ ಪ್ರಶ್ನೆ. ನಮ್ಮತ್ತ ಬರುವ ರೈಲಿನ ಸಿಳ್ಳು ಏರುದನಿಯಲ್ಲಿಯೂ ದೂರ ಹೋಗುವ ರೈಲಿನದು ಇಳಿದನಿಯಲ್ಲಿಯೂ ಕೇಳುವಂತೆ, ಚಲಿಸುವ ಧೂಳಿನಿಂದ ಬಂದ ಬೆಳಕಿನ ಬಣ್ಣವೂ ಎಳ್ಳಷ್ಟು ಜರುಗುತ್ತದೆ. ಬಿಸಿಲಿನ ವರ್ಣಪಟಲದಲ್ಲಿ ಮೆಗ್ನೀಸಿಯಂ ಧಾತು ಮೂಡಿಸುವ ಕಪ್ಪುಗೆರೆಯೊಂದರ ಜರುಗನ್ನು ಅಳೆದರೆ ಧೂಳಿನ ವೇಗ ತಿಳಿಯುತ್ತದೆ. ಇದಕ್ಕಾಗಿ ಆಫ್ರಿಕದ ವಾಯುವ್ಯ ಕರಾವಳಿಯಾಚೆಯ ಸ್ಪೇನಿನ ಟೆನೆರೀಫ್ ದ್ವೀಪದ ಬೆಟ್ಟದ ಮೇಲೆ ರಾತ್ರಿಗಳನ್ನು ಕಳೆದ. 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈತನ ಹೆಸರಿದ್ದ ಲೇಖನ ಪ್ರಕಟವಾಯಿತು. ಆ ಪತ್ರಿಕೆಯಲ್ಲಿ ಅಚ್ಚಾಗುವುದು ವಿಜ್ಞಾನಿಗಳಿಗೆ ಎಂಥ ಗೌರವವೆಂದು ನಮ್ಮ ವಾಚಕರಲ್ಲಿರುವ ಅಧ್ಯಾಪಕರು ಬಲ್ಲರು.

ಸಂಗೀತ ಇದರ ಬೆನ್ನಿಗೇ ನಡೆದಿತ್ತು. 1968ರಲ್ಲಿ ಕಟ್ಟಿಕೊಂಡ ‘ಸ್ಮೈಲ್’ ಎಂಬ ವೃಂದದಲ್ಲಿ ತಾಳವಾದ್ಯಕ್ಕೆ ರೋಜರ್ ಟೇಲರ್ ಬಂದ. ಅದು ಒಡೆದ ಮೇಲೆ 1970ರಲ್ಲಿ ‘ಕ್ವೀನ್’ ಹುಟ್ಟಿತು. ಮರುವರ್ಷ ಜಾನ್ ಡೀಕನ್ ಸೇರಿ ನಾಲ್ವರಾದರು. ಗಾಯಕ ಫ್ರೆಡಿ ಮರ್ಕ್ಯುರಿ. ಈ ಹೆಸರಿನ ಹಿಂದೆ ನಮಗೆ ಸಮೀಪದ ಒಂದು ಸಂಗತಿಯಿದೆ. ಆತನ ಮೂಲ ಹೆಸರು ಫರೂಖ್ ಬಲ್ಸಾರಾ. ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ. ಬಾಲ್ಯದ ಹಲವು ವರ್ಷ ಓದಿದ್ದು ಸಾತಾರಾ ಜಿಲ್ಲೆಯ ಪಂಚಗಣಿಯ ವಸತಿಶಾಲೆಯಲ್ಲಿ. ಜತ್ತ, ಸೊಲ್ಲಾಪುರಗಳ ಕಡೆಯ ನಮ್ಮ ಬಂಧುಗಳಿಗೆ ಪಂಚಗಣಿ ಅಪರಿಚಿತವಲ್ಲ. ಸ್ಟ್ರಾಬೆರಿಗಾಗಿ, ತಂಪಿಗಾಗಿ ಹೋಗಿಬರುವ ಆ ಬೆಟ್ಟದ ಊರಿನ ಶಾಲೆಯಲ್ಲಿ ಪಿಯಾನೋ ನುಡಿಸುತ್ತಿದ್ದ ಹುಡುಗ ಲಂಡನ್ನಿಗೆ ಹೋಗಿ ಆ ದೇಶದ ಅತಿ ದೊಡ್ಡ ಗಾಯಕರಲ್ಲೊಬ್ಬನಾದ.

1973ರಲ್ಲಿ ವೃಂದದ ಮೊದಲ ಧ್ವನಿಮುದ್ರಿಕೆ ಹೊರಬಂತು. ಬ್ರಯಾನ್ ಇನ್ನೂ ಸಂಶೋಧನೆಯ ವಿದ್ಯಾರ್ಥಿ. ಹೊಟ್ಟೆಪಾಡಿಗೆ ದಕ್ಷಿಣ ಲಂಡನ್ನಿನ ಶಾಲೆಯೊಂದರಲ್ಲಿ ಗಣಿತ ಹೇಳುತ್ತಿದ್ದ. ಪ್ರಬಂಧ ಬಹುಮಟ್ಟಿಗೆ ಬರೆದಾಗಿತ್ತು. ಇನ್ನಷ್ಟು ಕೆಲಸ ಉಳಿದಿತ್ತು. 1974ರಲ್ಲಿ ಆಯ್ಕೆ ಮಾಡಲೇಬೇಕಾಗಿ ಬಂತು. ಪ್ರಬಂಧ ಪೆಟ್ಟಿಗೆ ಸೇರಿತು.

ಹೆರಾಲ್ಡ್ ಮೇಗೆ ಇದು ತಡೆಯಲಾಗದ ಪೆಟ್ಟು. ತನಗೆ ದೊರೆಯದ ವಿದ್ಯೆ ಮಗನಿಗೆ ದೊರೆಯಲೆಂದು ಇದ್ದಬದ್ದದ್ದನ್ನೆಲ್ಲ ಒತ್ತೆಯಿಟ್ಟ ಮನುಷ್ಯ ಆತ. ಅಷ್ಟೆಲ್ಲ ಓದಿ ಕೊನೆಗೆ ಪಾಪ್ ಹಾಡುಗಾರನಾಗುವುದೇ ಎಂದು ಆತ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಬಹುಕಾಲ ತಂದೆಮಕ್ಕಳ ನಡುವೆ ಮಾತು ನಿಂತಿತ್ತೆಂದು ಮಗನೇ ಮುಂದೆ ಹೇಳಿಕೊಂಡಿದ್ದಾನೆ. ಆ ದಿನಗಳಲ್ಲಿಯೂ ಮಗನ ಕೈಯಲ್ಲಿದ್ದದ್ದು ಅದೇ ಗಿಟಾರು. ತಂದೆ ಉಜ್ಜಿ ನುಣುಪುಮಾಡಿದ ಮರದ ಮೇಲೆ ಬೆರಳಾಡಿಸುತ್ತ, ತಂದೆಗೆ ಬೇಡವಾದ ಬದುಕನ್ನು ಅವನು ನಡೆಸುತ್ತಿದ್ದ. ನಮಗೆ ಇಬ್ಬರಲ್ಲಿ ಯಾರನ್ನೂ ತಪ್ಪುಗಾರನೆನ್ನಲು ಬಾಯಿ ಬಾರದು. 1974ರಲ್ಲಿ ಯಾವ ಜ್ಯೋತಿಷಿಯೂ ಆ ವೃಂದದ ಭವಿಷ್ಯವನ್ನು ಹೇಳಬಲ್ಲವನಾಗಿರಲಿಲ್ಲ. ಅದೇ ವರ್ಷ ಅಮೆರಿಕದ ಪ್ರವಾಸದ ನಡುವೆ ಬ್ರಯಾನ್ ಕಾಮಾಲೆಯಿಂದ ಮಲಗಿದ. ಚೇತರಿಸಿಕೊಳ್ಳುವಷ್ಟರಲ್ಲಿ ಕರುಳಿನ ಹುಣ್ಣು. ತನ್ನನ್ನು ಬಿಟ್ಟು ಬೇರೊಬ್ಬನನ್ನು ಹುಡುಕಿಕೊಂಡಾರೆಂಬ ಭಯ ಆಸ್ಪತ್ರೆಯ ಹಾಸಿಗೆಯಲ್ಲಿ ಅವನನ್ನು ಕಾಡಿತು. ಗೆಳೆಯರು ಹಾಗೆ ಮಾಡಲಿಲ್ಲ. ಅವನ ಭಾಗಕ್ಕೆ ಜಾಗ ಬಿಟ್ಟು ಉಳಿದದ್ದನ್ನು ಮುದ್ರಿಸಿಕೊಂಡು ಕಾದರು.

1975ರ ‘ಎ ನೈಟ್ ಅಟ್ ದಿ ಒಪೆರಾ’ ಎಂಬ ಮುದ್ರಿಕೆಯಿಂದ ಕಾಲ ತಿರುಗಿತು. ಅದರಲ್ಲಿನ ಮರ್ಕ್ಯುರಿಯ ದೀರ್ಘ ಗೀತೆ ‘ಬೊಹೆಮಿಯನ್ ರಾಪ್ಸಡಿ’ ಬ್ರಿಟನ್ನಿನ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತದ್ದು ಎಲ್ಲರಿಗೂ ತಿಳಿದ ಮಾತು. ನಮ್ಮ ಗಮನವನ್ನು ಸೆಳೆಯುವುದು ಅದೇ ಮುದ್ರಿಕೆಯಲ್ಲಿ ಮೇ ರಚಿಸಿದ, ಅಷ್ಟು ಹೆಸರಾಗದ ಎರಡು ಹಾಡುಗಳು. ‘ಗುಡ್ ಕಂಪನಿ’ ಎಂಬುದರಲ್ಲಿ ತಂದೆಯ ಬುದ್ಧಿವಾದವನ್ನು ನೆನೆಯುವ ಒಬ್ಬ ಮನುಷ್ಯನಿದ್ದಾನೆ. ಕೆಲಸದಲ್ಲಿ ಮುಳುಗಿ ಒಬ್ಬೊಬ್ಬರಾಗಿ ಎಲ್ಲರನ್ನೂ ಕಳೆದುಕೊಂಡು ಮುಪ್ಪಿನಲ್ಲಿ ಒಂಟಿಯಾಗುತ್ತಾನೆ. ಅದರಲ್ಲಿ ಮೇ ಯುಕುಲೆಲೆಯನ್ನು ನುಡಿಸಿದ್ದಾನೆ. ಕಹಳೆ, ಕ್ಲಾರಿನೆಟ್ಟುಗಳ ಹಳೆಯ ಜಾಜ್ ಮೇಳವೊಂದು ಹಿನ್ನೆಲೆಯಲ್ಲಿ ಕೇಳಿಸುತ್ತದೆ. ಆದರೆ ಅಲ್ಲಿ ಕಹಳೆಯೂ ಇಲ್ಲ, ಕ್ಲಾರಿನೆಟ್ಟೂ ಇಲ್ಲ. ಒಂದೊಂದು ಸ್ವರವನ್ನೂ ಆ ಕೆಂಪು ಗಿಟಾರಿನಿಂದಲೇ ತೆಗೆದು, ಪದರ ಪದರವಾಗಿ ಮುದ್ರಿಸಿ ಜೋಡಿಸಿದ್ದು. ಮತ್ತೊಂದು ಹಾಡು ‘ಮೂವತ್ತೊಂಬತ್ತು’. ಕೇಳಲು ಹಳ್ಳಿಯ ಪದದಂತಿದ್ದರೂ ವಸ್ತು ಐನ್‌ಸ್ಟೈನನದು. ನಕ್ಷತ್ರಗಳ ನಡುವೆ ಹೊಸ ನೆಲೆ ಹುಡುಕಿ ಹೊರಟವರು ತಿರುಗಿ ಬರುವಾಗ ಅವರ ಪಾಲಿಗೆ ಕಳೆದದ್ದು ಒಂದೇ ವರ್ಷ. ಊರಿನಲ್ಲಿ ಮಾತ್ರ ತಲೆಮಾರುಗಳೇ ಉರುಳಿವೆ, ಬಿಟ್ಟುಹೋದವರು ಇಲ್ಲವಾಗಿದ್ದಾರೆ. ಬರೆದವನು ಆಗಷ್ಟೇ ಖಗೋಳಶಾಸ್ತ್ರವನ್ನು ಬಿಟ್ಟುಬಂದವನು.

1977ರ ‘ವಿ ವಿಲ್ ರಾಕ್ ಯು’ ಕೂಡ ಮೇಯದೇ. ಕಾಲಿನಿಂದ ಎರಡು ಏಟು, ಕೈಯಿಂದ ಒಂದು ಚಪ್ಪಾಳೆ, ಇಷ್ಟೇ ಅದರ ತಾಳ. ಕ್ರಿಕೆಟ್ ಮೈದಾನಗಳಲ್ಲಿ ಇದನ್ನು ಬಡಿಯುವ ನಮ್ಮ ಹುಡುಗರಿಗೆ ಕರ್ತೃವಿನ ಹೆಸರು ತಿಳಿದಿರಲಾರದು. ಇಂಗ್ಲೆಂಡಿನ ಒಂದು ಸಭೆಯಲ್ಲಿ ಜನರೆಲ್ಲ ತಾವಾಗಿ ಹಾಡತೊಡಗಿದ್ದನ್ನು ಕಂಡು, ಇಕ್ಕಟ್ಟಿನಲ್ಲಿ ನಿಂತ ಜನ ಮಾಡಬಲ್ಲದ್ದು ಏನೆಂದು ಯೋಚಿಸಿದಾಗ ಹೊಳೆದದ್ದು ಇದು. ಮುದ್ರಿಸುವಾಗ ಕೆಲವೇ ಜನ ಹಲಗೆಗಳ ಮೇಲೆ ಕಾಲು ಬಡಿದರು. ಅದು ಸಾವಿರಾರು ಮಂದಿಯ ಸದ್ದಾಗಿ ಕೇಳಿಸಬೇಕು. ಪ್ರತಿಧ್ವನಿಯಂತೆ ಕೇಳದೆ ದೂರ ಹತ್ತಿರಗಳಲ್ಲಿ ನಿಂತ ಜನಸಮೂಹದಂತೆ ಕೇಳಲೆಂದು, ಮೇ ಆ ಸದ್ದನ್ನು ಒಂದರ ಮೇಲೊಂದು ತಡಮಾಡಿ ಹೇರಿದ. ಆ ತಡಗಳ ಪ್ರಮಾಣಕ್ಕೆ ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿಕೊಂಡ. ಪೆಟ್ಟಿಗೆ ಸೇರಿದ್ದ ವಿದ್ಯೆ ಹೀಗೆ ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು.

ಹೆರಾಲ್ಡ್ ಮೇಯ ಉದ್ಯೋಗದಲ್ಲಿ ಕಾಂಕಾರ್ಡ್ ವಿಮಾನವು ಮಂಜಿನಲ್ಲಿಯೂ ಇಳಿಯುವಂತೆ ಮಾಡುವ ಉಪಕರಣಗಳ ಕೆಲಸವೂ ಸೇರಿತ್ತು. ಆದರೆ ಅದರಲ್ಲಿ ಕುಳಿತು ಪ್ರಯಾಣ ಮಾಡುವುದು ಆತನಂಥವರಿಗೆ ಎಟುಕುವಂಥದಾಗಿರಲಿಲ್ಲ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತನ್ನ ವೃಂದದ ಕಛೇರಿ ಗೊತ್ತಾದಾಗ ಬ್ರಯಾನ್ ತಂದೆತಾಯಿಗಳನ್ನು ಅದೇ ಕಾಂಕಾರ್ಡಿನಲ್ಲಿ ಕರೆಸಿಕೊಂಡ. ಕಿಕ್ಕಿರಿದ ಆ ಸಭಾಂಗಣದಲ್ಲಿ, ತಾನು ಮಗನೊಡನೆ ಕೂತು ಕೆತ್ತಿದ ಅಗ್ಗಿಷ್ಟಿಕೆಯ ಮರ ನುಡಿಯುವುದನ್ನು ಹೆರಾಲ್ಡ್ ಕೇಳಿದ. ಮಗ ಹಿಡಿದ ಹಾದಿ ಏನೆಂದು ಅಂದು ಆತನಿಗೆ ಅರ್ಥವಾಯಿತು. ಅದನ್ನು ಮಗನ ಎದುರಿಗೇ ಆತ ಒಪ್ಪಿಕೊಂಡ.

ಇನ್ನು ಉಪಕೃತಿಗಳ ಮಾತು. ದೊಡ್ಡ ವೃಂದದಲ್ಲಿರುವವರು ಬಿಡುವಿನಲ್ಲಿ ಬೇರೆಯವರೊಡನೆ ಸೇರಿ ಏನಾದರೂ ಮಾಡುವುದು ಆ ಲೋಕದಲ್ಲಿ ವಾಡಿಕೆ. ಬಹಳ ಸಲ ಅದು ಹೆಮ್ಮೆಗಾಗಿ, ಇಲ್ಲವೆ ಮುನಿಸಿಗಾಗಿ. ಮೇ ಮಾಡಿದ ಮೊದಲನೆಯದು ಮಗನಿಗಾಗಿ. ‘ಸ್ಟಾರ್ ಫ್ಲೀಟ್’ ಎಂಬ ಜಪಾನಿ ಗೊಂಬೆಯಾಟದ ಸರಣಿಯನ್ನು ಅವನ ಪುಟ್ಟ ಮಗ ಟೆಲಿವಿಷನ್ನಿನಲ್ಲಿ ನೋಡುತ್ತಿದ್ದ. ಅದರ ಶೀರ್ಷಿಕೆಯ ಹಾಡು ತಂದೆಯ ತಲೆಗೂ ಹತ್ತಿತು. 1983ರ ಏಪ್ರಿಲ್ 21 ಮತ್ತು 22ರಂದು ಲಾಸ್ ಏಂಜಲೀಸಿನಲ್ಲಿದ್ದಾಗ ಕೆಲವು ಗೆಳೆಯರಿಗೆ ಫೋನು ಮಾಡಿ ಕರೆಸಿದ. ಬಂದವರಲ್ಲಿ ಎಡ್ಡಿ ವ್ಯಾನ್ ಹೇಲನ್ ಒಬ್ಬ. ಗಿಟಾರಿನ ಕುತ್ತಿಗೆಯ ಮೇಲೆ ಎರಡೂ ಕೈಯ ಬೆರಳುಗಳನ್ನು ಕುಣಿಸುವ ವಿದ್ಯೆಯಿಂದ ಆ ಪೀಳಿಗೆಯ ಹುಡುಗರನ್ನೆಲ್ಲ ಮರುಳುಮಾಡಿದ್ದ ವಾದಕ ಅವನು. ತಾಳಕ್ಕೆ ಆಲನ್ ಗ್ರಾಟ್ಜರ್, ಮಂದ್ರಕ್ಕೆ ಫಿಲ್ ಚೆನ್, ಕೀಲಿಮಣೆಗೆ ಫ್ರೆಡ್ ಮ್ಯಾಂಡೆಲ್. ಎರಡು ದಿನಗಳಲ್ಲಿ ಮೂರು ತುಣುಕುಗಳು ಮುದ್ರಿತವಾದವು. ಮೂರನೆಯದು ಸುಮಾರು ಹದಿಮೂರು ನಿಮಿಷಗಳ ಒಂದು ಸವಾಲ್-ಜವಾಬು. ಅದನ್ನು ಮೊದಲೇ ಬರೆದುಕೊಂಡಿರಲಿಲ್ಲ. ನಮ್ಮ ಜುಗಲಬಂದಿ ಕೇಳಿದವರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಒಬ್ಬ ಒಂದು ಮಾತು ಎಸೆಯುತ್ತಾನೆ, ಇನ್ನೊಬ್ಬ ಅದನ್ನು ಹಿಡಿದು ತಿರುಗಿಸಿ ಕೊಡುತ್ತಾನೆ. ವೇಗದಲ್ಲಿ ಎಡ್ಡಿಯದು ಮೇಲುಗೈಯಾದಾಗ ಮೇ ಅವನೊಡನೆ ಓಡಲು ಹೋಗದೆ ಒಂದು ದೀರ್ಘ ಸ್ವರವನ್ನು ನಿಲ್ಲಿಸುತ್ತಾನೆ. ಮಾರಾಟದ ದೃಷ್ಟಿಯಿಂದ ಇದು ಸಣ್ಣ ವಸ್ತು. ಕೋಟಿಗಟ್ಟಲೆ ಮಾರಾಟವಾದ ಮುದ್ರಿಕೆಗಳಿಗಿಂತ ನಮಗೆ ಇದು ಹೆಚ್ಚು ಪ್ರಿಯ. ಎಡ್ಡಿ 2020ರಲ್ಲಿ ತೀರಿಕೊಂಡ. 2023ರಲ್ಲಿ ಮೇ ಆ ಎರಡು ದಿನಗಳ ಟೇಪುಗಳನ್ನು ಹೊರತೆಗೆದು, ನಡುವಣ ಮಾತುಕತೆಗಳ ಸಹಿತ ಮತ್ತೆ ಪ್ರಕಟಿಸಿದ.

ಉಳಿದವನ್ನು ಬೇಗ ಹೇಳಿಬಿಡುತ್ತೇವೆ. 1990ರಲ್ಲಿ ಲಂಡನ್ನಿನ ಒಂದು ರಂಗತಂಡದ ‘ಮ್ಯಾಕ್‌ಬೆತ್’ ನಾಟಕಕ್ಕೆ ಸಂಗೀತ ಕೊಟ್ಟ. ಮುಂದೆ ತನ್ನ ಪತ್ನಿಯಾದ ನಟಿ ಅನಿಟಾ ಡಾಬ್ಸನ್ನಳ ಹಾಡುಗಳನ್ನು ನಿರ್ಮಿಸಿದ. ಗಾಯಕಿ ಕೆರಿ ಎಲ್ಲಿಸ್‌ಳೊಡನೆ ಮುದ್ರಿಕೆಗಳನ್ನು ಮಾಡಿದ. ಕ್ವೀನ್ ಹಾಡುಗಳನ್ನೇ ಪೋಣಿಸಿದ ಸಂಗೀತನಾಟಕ 2002ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದಾಗ ವಿಮರ್ಶಕರು ಅದನ್ನು ಹರಿದುಹಾಕಿದರು. ಪ್ರೇಕ್ಷಕರು ಹನ್ನೆರಡು ವರ್ಷ ಅದನ್ನು ನಡೆಸಿದರು. ಅದೇ 2002ರ ಜೂನ್ 3ರಂದು ರಾಣಿ ಎಲಿಜಬೆತ್ತಳ ಸುವರ್ಣೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ಒಬ್ಬನೇ ನಿಂತು ಆ ದೇಶದ ರಾಷ್ಟ್ರಗೀತೆಯನ್ನು ನುಡಿಸಿದ. ಗಾಳಿಗೆ ಕೂದಲು ಹಾರುತ್ತಿದ್ದ ಆ ದೃಶ್ಯವನ್ನು ಟೆಲಿವಿಷನ್ನಿನಲ್ಲಿ ಕೋಟ್ಯಂತರ ಜನ ಕಂಡರು.

ಆದರೆ ಹೆಸರಿನ ಬಲದಿಂದ ದುಃಖ ತಪ್ಪಲಿಲ್ಲ. 1988ರಲ್ಲಿ ಹೆರಾಲ್ಡ್ ತೀರಿಕೊಂಡ. ಅದೇ ಕಾಲಕ್ಕೆ ಮೇಯ ಮೊದಲ ದಾಂಪತ್ಯ ಮುರಿದು, ಮಕ್ಕಳಿದ್ದ ಮನೆಯಿಂದ ದೂರವಾಗಬೇಕಾಯಿತು. ಇನ್ನೊಂದೆಡೆ ಫ್ರೆಡಿ ಏಡ್ಸ್ ರೋಗದಿಂದ ಕ್ಷೀಣಿಸುತ್ತಿದ್ದ. 1991ರ ನವೆಂಬರ್ 24ರಂದು ಕಣ್ಣುಮುಚ್ಚಿದ. ಬದುಕು ಬೇಡವೆನ್ನಿಸುವಷ್ಟು ಖಿನ್ನತೆ ತನ್ನನ್ನು ಕವಿದಿತ್ತೆಂದು ಮೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಆ ವರ್ಷಗಳಲ್ಲಿ ತುಣುಕು ತುಣುಕಾಗಿ ಬರೆದವುಗಳೇ 1992ರಲ್ಲಿ ‘ಬ್ಯಾಕ್ ಟು ದಿ ಲೈಟ್’ ಎಂಬ ಸ್ವಂತ ಮುದ್ರಿಕೆಯಾಗಿ ಬಂದವು. ಎರಡನೆಯದು 1998ರಲ್ಲಿ, ಅದು ಹೊರಬರುವ ಮುನ್ನವೇ ಅದರ ತಾಳವಾದಕ, ಆಪ್ತಮಿತ್ರ ಕೋಜಿ ಪೊವೆಲ್ ಕಾರಿನ ಅಪಘಾತದಲ್ಲಿ ಮಡಿದಿದ್ದ. ಮೇ ಗಾಯಕನಾಗಿ ಫ್ರೆಡಿಯ ಸಮಕ್ಕೆ ಬರುವುದಿಲ್ಲ. ಆದರೂ ಸ್ವಂತ ದುಃಖವನ್ನು ಸ್ವಂತ ಗಂಟಲಿನಿಂದಲೇ ಹೇಳಿಕೊಳ್ಳುವುದು ಉಚಿತವಾಗಿತ್ತು. ಆ ಸಣ್ಣ ದನಿ ಅಲ್ಲಿ ಒಪ್ಪುತ್ತದೆ.

ಸಂಗೀತದಾಚೆಗಿನ ಹವ್ಯಾಸವೂ ಬಾಲ್ಯದ್ದೇ. ಬೆಳಗಿನ ತಿಂಡಿಯ ಪೊಟ್ಟಣದೊಳಗೆ ಬರುತ್ತಿದ್ದ ಜೋಡಿಚಿತ್ರದ ಕಾರ್ಡುಗಳನ್ನು ಈತ ಕೂಡಿಹಾಕುತ್ತಿದ್ದ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ನೋಡಿದರೆ ದೃಶ್ಯಕ್ಕೆ ಆಳ ಬಂದು ಎದ್ದುನಿಂತಂತೆ ಕಾಣುತ್ತದೆ. 1850ರ ದಶಕದಲ್ಲಿ ಟಿ. ಆರ್. ವಿಲಿಯಮ್ಸ್ ಎಂಬ ಛಾಯಾಗ್ರಾಹಕ ಒಂದು ಹಳ್ಳಿಯ ಬಾವಿ, ಚರ್ಚು, ಕೊಯಿಲಿನವರು ಮೊದಲಾದವರ ಜೋಡಿಚಿತ್ರಗಳನ್ನು ತೆಗೆದಿದ್ದ. ಹಳ್ಳಿ ಯಾವುದೆಂದು ಹೇಳದೆ ಬಿಟ್ಟಿದ್ದ. ಮೇ ಹಲವು ವರ್ಷ ಈ ಕಾರ್ಡುಗಳನ್ನು ಸಂಗ್ರಹಿಸಿ, 2003ರಲ್ಲಿ ಚರ್ಚಿನ ಚಿತ್ರವನ್ನು ಸಾರ್ವಜನಿಕರ ಮುಂದಿಟ್ಟು ಆ ಊರನ್ನು ಪತ್ತೆಹಚ್ಚಿಸಿದ. ಅದು ಆಕ್ಸ್‌ಫರ್ಡ್ ಸೀಮೆಯ ಹಿಂಟನ್ ವಾಲ್ಡ್ರಿಸ್ಟ್. ಎಲೆನಾ ವಿಡಾಲ್ ಎಂಬ ಸಂಶೋಧಕಿಯೊಡನೆ 2009ರಲ್ಲಿ ಇದರ ಬಗ್ಗೆ ಸೊಗಸಾದ ಪುಸ್ತಕವನ್ನು ತಂದ. ನಮ್ಮ ಗಡಿಭಾಗದ ಊರುಗಳ ನೂರು ವರ್ಷದ ಹಿಂದಿನ ಭಾವಚಿತ್ರಗಳು ಯಾರ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆಯೋ ಎಂದು ಇದನ್ನು ಬರೆಯುವಾಗ ನಮಗನ್ನಿಸದೆ ಇರಲಿಲ್ಲ.

ಪೆಟ್ಟಿಗೆಯಲ್ಲಿದ್ದ ಪ್ರಬಂಧವೇನಾಯಿತು? 2006ರಲ್ಲಿ ಪ್ಯಾಟ್ರಿಕ್ ಮೂರ್ ಮತ್ತು ಕ್ರಿಸ್ ಲಿಂಟಟ್ ಎಂಬ ಖಗೋಳಜ್ಞರೊಡನೆ ಸೇರಿ ಮೇ ವಿಶ್ವದ ಇತಿಹಾಸವನ್ನು ಕುರಿತ ಜನಪ್ರಿಯ ಪುಸ್ತಕ ಬರೆದ. ಹಳೆಯ ಆಸೆ ಮೊಳೆಯಿತು. ಇಂಪೀರಿಯಲ್ ಕಾಲೇಜು ಮತ್ತೆ ಹೆಸರು ನೋಂದಾಯಿಸಿಕೊಂಡಿತು. ಪ್ರಾಧ್ಯಾಪಕ ಮೈಕೇಲ್ ರೋವನ್-ರಾಬಿನ್ಸನ್ ಮಾರ್ಗದರ್ಶಕನಾದ. ಮೂವತ್ತು ವರ್ಷಗಳಲ್ಲಿ ಸಾಮಾನ್ಯವಾಗಿ ವಿಜ್ಞಾನದ ಯಾವ ಪ್ರಬಂಧವೂ ಹಳಸಿಹೋಗುತ್ತದೆ. ಇಲ್ಲಿ ಅದೃಷ್ಟ ಒಲಿದಿತ್ತು. ಈ ಧೂಳಿನ ಚಲನೆಯನ್ನು ಆ ಅವಧಿಯಲ್ಲಿ ಹೆಚ್ಚು ಜನ ಕೈಗೆತ್ತಿಕೊಂಡಿರಲಿಲ್ಲ. ಟೆನೆರೀಫಿನ ಬೆಟ್ಟದಲ್ಲಿ ಯುವಕನಾಗಿದ್ದಾಗ ಮಾಡಿದ ಅಳತೆಗಳು ಇನ್ನೂ ಬೆಲೆಯುಳ್ಳವಾಗಿದ್ದವು. ಹಾಗೆಂದು ಹಳೆಯದನ್ನೇ ಧೂಳು ಕೊಡವಿ ಒಪ್ಪಿಸಲಾಗಲಿಲ್ಲ. ನಡುವಣ ಕಾಲದ ಸಂಶೋಧನೆಯನ್ನೆಲ್ಲ ಓದಿ, ತನ್ನ ಲೆಕ್ಕಗಳನ್ನು ಮತ್ತೆ ನೋಡಿ, ಹೊಸದಾಗಿ ಬರೆಯಬೇಕಾಯಿತು. 2007ರಲ್ಲಿ ಪ್ರಬಂಧ ಅಂಗೀಕೃತವಾಯಿತು. ಆ ಧೂಳಿನ ಬಹುಭಾಗ ಗ್ರಹಗಳು ಸುತ್ತುವ ದಿಕ್ಕಿನಲ್ಲಿಯೇ ಸೂರ್ಯನನ್ನು ಸುತ್ತುತ್ತಿದೆ ಎಂಬುದು ಅದರ ಮುಖ್ಯ ನಿರ್ಣಯ. 2008ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನರೆತ ಗುಂಗುರುಕೂದಲಿನ ಮೇಲೆ ಪದವಿಯ ಟೊಪ್ಪಿಗೆ ಧರಿಸಿ ಮೇ ಡಾಕ್ಟರನಾದ. ಅದನ್ನು ನೋಡಬೇಕಾಗಿದ್ದ ತಂದೆ ಗತಿಸಿ ಇಪ್ಪತ್ತು ವರ್ಷಗಳಾಗಿದ್ದವು.

ಇಷ್ಟಕ್ಕೆ ಪದವಿಯನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ. 2008ರಿಂದ 2013ರವರೆಗೆ ಲಿವರ್‌ಪೂಲಿನ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ. 2019ರ ಹೊಸವರ್ಷದ ದಿನ ‘ನ್ಯೂ ಹೊರೈಜನ್ಸ್’ ನೌಕೆ ನಮ್ಮಿಂದ ಸುಮಾರು 650 ಕೋಟಿ ಕಿಲೋಮೀಟರು ದೂರದ ಆರೋಕಾತ್ ಎಂಬ ಹಿಮಶಿಲೆಯ ಬದಿಯಲ್ಲಿ ಹಾದುಹೋದಾಗ ಅದಕ್ಕೆಂದೇ ಒಂದು ಹಾಡು ರಚಿಸಿದ. ಬೆನ್ನು ಎಂಬ ಕ್ಷುದ್ರಗ್ರಹದಿಂದ ಮಣ್ಣು ತರಲು ಅಮೆರಿಕದವರು ನೌಕೆ ಕಳಿಸಿದ್ದರಷ್ಟೆ. ಎಲ್ಲೆಡೆ ಬಂಡೆಗಳೇ ಇದ್ದ ಆ ಪುಟ್ಟ ಲೋಕದಲ್ಲಿ ನೌಕೆಯನ್ನು ಎಲ್ಲಿ ತಾಗಿಸಬೇಕೆಂಬುದು ಸಮಸ್ಯೆಯಾಯಿತು. ಆಗ ನೌಕೆ ಕಳಿಸಿದ ಚಿತ್ರಗಳನ್ನು ಮೇ ತನ್ನ ಸಹಾಯಕಿಯೊಡನೆ ಜೋಡಿಚಿತ್ರಗಳಾಗಿ ಹೊಂದಿಸಿಕೊಟ್ಟ. ಬಂಡೆಗಳ ಏರುತಗ್ಗುಗಳನ್ನು ವಿಜ್ಞಾನಿಗಳು ಕಣ್ಣಾರೆ ಕಾಣುವಂತಾಯಿತು. ಜಾಗ ಆರಿಸಲು ಅದು ನೆರವಾಯಿತು. ತಿಂಡಿಯ ಪೊಟ್ಟಣದ ಕಾರ್ಡು ಇಲ್ಲಿಯವರೆಗೆ ಬಂದಿತ್ತು. 2023ರ ಸೆಪ್ಟೆಂಬರ್ 24ರಂದು ಆ ಮಣ್ಣು ಭೂಮಿಗೆ ಬಂತು: 121 ಗ್ರಾಂಗಿಂತ ತುಸು ಹೆಚ್ಚು. ಅದೇ ವರ್ಷದ ಮಾರ್ಚಿಯಲ್ಲಿ ದೊರೆ ಚಾರ್ಲ್ಸ್ ಈತನಿಗೆ ‘ಸರ್’ ಪದವಿ ನೀಡಿದ್ದ. ಬ್ಯಾಡ್ಜರ್ ಎಂಬ ಕಾಡುಪ್ರಾಣಿಗಳ ಹತ್ಯೆಯ ವಿರುದ್ಧ ಈತ ನಡೆಸಿದ ಚಳವಳಿಯಿಂದ ಹಸುಗಳ ಕ್ಷಯರೋಗಕ್ಕೆ ಹೆದರುವ ರೈತರು ಮುನಿದದ್ದೂ ಉಂಟು. ಆ ವಾದ ನಮ್ಮ ಪುಟದ ಮಿತಿಗೆ ಹೊರತು.

2020ರಲ್ಲಿ ಹೃದಯಾಘಾತವಾಗಿ ಚಿಕಿತ್ಸೆಯಾಯಿತು. 2024ರಲ್ಲಿ ಲಘು ಪಾರ್ಶ್ವವಾಯು ತಗುಲಿ, ಕೆಲ ಕಾಲ ಎಡಗೈ ಹೇಳಿದಂತೆ ಕೇಳಲಿಲ್ಲ. ತಂತಿಯ ಮೇಲೆ ಸ್ವರಸ್ಥಾನ ಹಿಡಿಯುವ ಕೈ ಅದು. ಗಿಟಾರ್ ನುಡಿಸಲು ಮತ್ತೆ ಸಾಧ್ಯವಾಗಿದೆಯೆಂದು ಆ ಸೆಪ್ಟೆಂಬರಿನಲ್ಲಿ ತಾನೇ ಅಭಿಮಾನಿಗಳಿಗೆ ತಿಳಿಸಿದ.

ಈತ ಬೆನ್ನಟ್ಟಿದ ಆ ಬೆಳಕನ್ನು ನೋಡಲು ನಮ್ಮ ವಾಚಕರು ಟೆನೆರೀಫಿಗೆ ಹೋಗಬೇಕಾಗಿಲ್ಲ. ಉಷ್ಣವಲಯಕ್ಕೆ ಸಮೀಪದ ನಾಡುಗಳಲ್ಲಿ ಅದು ದಿಗಂತದಿಂದ ಹೆಚ್ಚು ನೆಟ್ಟಗೆ ನಿಲ್ಲುವುದರಿಂದ ಲಂಡನ್ನಿನವರಿಗಿಂತ ನಮಗೇ ಕಾಣುವುದು ಸುಲಭ. ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಚಂದ್ರನಿಲ್ಲದ ಸಂಜೆ, ಸೂರ್ಯ ಮುಳುಗಿ ಒಂದೂಕಾಲು ಗಂಟೆಯಾದ ಮೇಲೆ, ಪೇಟೆಯ ದೀಪಗಳಿಂದ ದೂರವಿರುವ ಹೊಲದಲ್ಲೋ ಗುಡ್ಡದ ಮೇಲೋ ನಿಂತು ಪಶ್ಚಿಮಕ್ಕೆ ನೋಡಬೇಕು. ಕಣ್ಣು ಕತ್ತಲಿಗೆ ಒಗ್ಗಲು ಕಾಲು ಗಂಟೆಯಾದರೂ ಬಿಡಬೇಕು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಾದರೆ ಬೆಳಗಾಗುವ ಮುನ್ನ ಪೂರ್ವಕ್ಕೆ. ಹಾಲುಹಾದಿಯಷ್ಟೇ ಮಬ್ಬಾಗಿ, ಬುಡ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗುತ್ತ ಓರೆಯಾಗಿ ನಿಂತ ಒಂದು ಬೆಳಕು ಕಾಣಿಸುತ್ತದೆ.